ಉಚ್ಚೀರಪ್ಪ ಕೂಗು ಬಿಟ್ಟ ಬೇಸಿಗೆ

ಇಲ್ಲ, ಅದೊಂದು ಮಾತ್ರ ಸುಳ್ಳಲ್ಲ. ನಾನು ಹೇಳಿದ್ದರಲ್ಲಿ ಬೇರೆ ಯಾವುದನ್ನಾದರೂ ಹಿಡಿದುಕೊಂಡು ಜಗಳಕ್ಕೆ ಬನ್ನಿ, ಸೋಲುತ್ತೇನೆ. ಆದವಾನಿಯಲ್ಲಿ ಹತ್ತಿ ತುಂಬಿದ ಲಾರಿಯನ್ನು ಕಣ್ಣು ಮುಚ್ಚಿಕೊಂಡು ಗುಂತಕಲ್ಲಿನವರೆಗೆ ಓಡಿಸಿದೆ ಅಂದೆನಲ್ಲ, ಅದು ಸುಳ್ಳು. ಒಂದು ಕಣ್ಣು ತೆರೆದೇ ಇತ್ತು. ಆದರೆ ಸಮುದ್ರದ ನಡುವೆ ಒಂದು ಬೆಂಕಿಬೆಟ್ಟ ಸಿಡಿದು, ಅದರ ಸದ್ದು ಸುಮಾರು ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರ್ ಆಚೆ ಕೇಳಿಸಿತು ಅಂದದ್ದು ನಿಜ. ಕ್ರಕಟೋವ ಅಂತ ಅದರ ಹೆಸರು. ನನ್ನ ತಾತನ ಕಾಲದ ಮಾತು. ಹಿಂದೂ ಮಹಾಸಾಗರದ ಆ ಕಡೆಯ ತುದಿಯಲ್ಲಿ ಒಂದು ಪುಟ್ಟ ದ್ವೀಪ, ಅಲ್ಲೊಬ್ಬ ಪೊಲೀಸ್ ಅಧಿಕಾರಿ. ದೂರದಲ್ಲೆಲ್ಲೋ ಫಿರಂಗಿ ಹಾರಿಸಿದಂತಾಯಿತು ಎಂದು ಬರೆದಿಟ್ಟ. ಬೆಟ್ಟ ಸಿಡಿದು ಆಗಲೇ ಸುಮಾರು ನಾಲ್ಕು ಗಂಟೆಯಾಗಿತ್ತು. ಸದ್ದು ಅಷ್ಟು ಹೊತ್ತು ನೀರಿನ ಮೇಲೆ ನಡೆದುಕೊಂಡು ಬಂದಿತ್ತು, ಪಾಪ.

ನೀವು ತಲೆ ಅಲ್ಲಾಡಿಸುವುದು ನನಗೆ ಗೊತ್ತು. ಅಷ್ಟು ದೂರ ಸದ್ದು ಹೋಗುವುದಾದರೆ ಪಕ್ಕದ ಮನೆಯ ಜಗಳ ನಮಗೇಕೆ ಪೂರ್ತಿ ಕೇಳಿಸುವುದಿಲ್ಲ ಅಂತ ಕೇಳುತ್ತೀರಿ. ನಾನೂ ಅದನ್ನೇ ಕೇಳಿದ್ದೆ. ನನಗೆ ಉತ್ತರ ಕೊಟ್ಟವಳು ಹಾರಿಕಾ, ನನ್ನ ತಂಗಿಯ ಮೊಮ್ಮಗಳು. ಆದವಾನಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಸದ್ದು ಅನ್ನುವುದು ರೊಟ್ಟಿಯ ಮೇಲಿನ ಬೆಣ್ಣೆ ಇದ್ದ ಹಾಗಂತೆ. ಬೆಣ್ಣೆಯ ಮುದ್ದೆ ಒಂದೇ. ದೂರ ಎರಡು ಪಟ್ಟಾದರೆ ಅದೇ ಬೆಣ್ಣೆಯನ್ನು ನಾಲ್ಕು ಪಟ್ಟು ರೊಟ್ಟಿಗೆ ಸವರಬೇಕು. ಪಕ್ಕದ ಮನೆಯವರ ಬೆಣ್ಣೆ ಚಿಕ್ಕದು, ಗೋಡೆ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಬೆಟ್ಟದ ಬೆಣ್ಣೆ ಬೆಟ್ಟದಷ್ಟು.

ಈ ವಯಸ್ಸಿನಲ್ಲಿ ನನಗೆ ಸದ್ದಿನ ವಿದ್ಯೆ ಯಾಕೆ ಬೇಕಾಯಿತು ಅಂದರೆ, ಅದಕ್ಕೆ ಕಾರಣ ನನ್ನ ತಂಗಿ ಹುಲುಗಮ್ಮನ ಗಂಡ ಉಚ್ಚೀರಪ್ಪ. ಹೊಳಗುಂದದ ಹತ್ತಿರದ ಹಳ್ಳಿಯವನು, ಕುರಿ ಸಾಕುವವನು. ಈ ಸೀಮೆಯಲ್ಲಿ ಅವನಷ್ಟು ಜೋರಾಗಿ ಕೂಗುವ ಮನುಷ್ಯ ಹಿಂದೆ ಇರಲಿಲ್ಲ. ಮುಂದೆಯೂ ಬೇಡ.

ಹುಟ್ಟಿದಾಗ ಅವನು ಅತ್ತ ಅಳುವಿಗೆ ಸೂಲಗಿತ್ತಿಯ ಒಂದು ಕಿವಿ ಹೋಯಿತು, ಇನ್ನೊಂದು ಕಿವಿಗೆ ಹತ್ತಿ ಇಟ್ಟುಕೊಂಡು ಉಳಿಸಿಕೊಂಡಳು ಅಂತ ಅವನ ತಾಯಿ ಹೇಳುತ್ತಿದ್ದಳು. ಇದು ನನ್ನ ಸುಳ್ಳಲ್ಲ, ಆಕೆಯದು. ಹುಡುಗನಾಗಿದ್ದಾಗ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಅವನನ್ನು ಅಟ್ಟದ ಮೇಲೆ ಕೂರಿಸುತ್ತಿದ್ದರು. ಬೇರೆ ಮಕ್ಕಳು ಕವಣೆ ಬೀಸಬೇಕು, ತಗಡು ಬಡಿಯಬೇಕು. ಇವನು ಬರೀ ಬಾಯಿ ತೆರೆದರೆ ಸಾಕು, ಗುಬ್ಬಿಗಳು ಆಂಧ್ರದ ಗಡಿ ದಾಟಿ ಕರ್ನಾಟಕದ ಬಳ್ಳಾರಿ ಜಿಲ್ಲೆಗೆ ಹೋಗಿ ಬೀಳುತ್ತಿದ್ದವು. ಅಲ್ಲಿಯ ರೈತರು ತಕರಾರು ತೆಗೆದುಕೊಂಡು ಬಂದಿದ್ದರು ಅಂದರೆ ನೀವು ನಂಬುವುದಿಲ್ಲ, ಅದಕ್ಕೇ ಹೇಳುವುದಿಲ್ಲ.

ಅವನ ಮದುವೆಯ ದಿನ ನಾನಿದ್ದೆ. ಹೆಣ್ಣಿನ ಅಣ್ಣನಲ್ಲವೇ, ಇರಲೇಬೇಕು. ಹೊಸ್ತಿಲಲ್ಲಿ ಗಂಡನ್ನು ತಡೆದು ನಿಲ್ಲಿಸಿ, ಹೆಂಡತಿಯ ಹೆಸರು ಹೇಳಿ ಒಳಗೆ ಬಾ ಅನ್ನುತ್ತಾರಲ್ಲ, ಆ ಶಾಸ್ತ್ರ. ಹುಡುಗ ನಾಚಿ ನಾಚಿ ಮೂರು ಸಲ ತಲೆ ತಗ್ಗಿಸಿದ. ಹೆಂಗಸರು ಬಿಡಲಿಲ್ಲ. ಕೊನೆಗೆ ಎದೆ ತುಂಬ ಉಸಿರು ಎಳೆದುಕೊಂಡು "ಹುಲುಗಮ್ಮ" ಅಂದ. ಪಕ್ಕದೂರಿನಲ್ಲಿ ಬಟ್ಟೆ ಒಗೆಯುತ್ತಿದ್ದ ಬೇರೊಬ್ಬ ಹುಲುಗಮ್ಮ "ಬಂದೆ, ಬಂದೆ" ಎಂದು ಕೈ ಒರೆಸಿಕೊಂಡು ಹೊರಟುಬಿಟ್ಟಳಂತೆ. ಊಟದ ಹೊತ್ತಿಗೆ ಬಂದು ತಲುಪಿದಳು. ಎಲೆ ಹಾಕಿ ಕಳಿಸಿದೆವು.

ಮದುವೆಯಾದ ಮೇಲೆ ಒಂದು ಹಂಗಾಮು ನಾನೇ ಅವನನ್ನು ಆದವಾನಿಗೆ ಕರೆತಂದು ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಸೇರಿಸಿದೆ. ಆ ಯಂತ್ರಗಳ ನಡುವೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ, ಎಲ್ಲ ಕೈಸನ್ನೆಯೇ. ಇವನ ಮಾತು ಮಾತ್ರ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತು. ಮೇಸ್ತ್ರಿಗೆ ಖುಷಿಯೋ ಖುಷಿ. ಆದರೆ ಉಚ್ಚೀರಪ್ಪನಿಗೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. "ಬಾವಾ, ಇಲ್ಲಿ ನಾ ಕೂಗಿದ್ರ ಮಂದಿ ಬರ್ತಾರ. ಕುರಿ ಬಂದಂಗ ಇರಂಗಿಲ್ಲ" ಅಂದ. ಹಂಗಾಮು ಮುಗಿಯುವ ಮೊದಲೇ ಊರಿಗೆ ವಾಪಸ್ಸು.

ಕುರಿ ಬರುವುದನ್ನು ನೀವು ನೋಡಿದ್ದರೆ ಅವನ ಮಾತು ಅರ್ಥವಾಗುತ್ತಿತ್ತು. ಪ್ರತಿ ಕುರಿಗಾರನಿಗೂ ತನ್ನದೇ ಕೂಗು. ಒಬ್ಬನದು ಇನ್ನೊಬ್ಬನ ಕುರಿಗೆ ನಾಟುವುದಿಲ್ಲ. ಸಂಜೆ ಉಚ್ಚೀರಪ್ಪ ಕೆರೆ ಏರಿಯ ಮೇಲೆ ನಿಂತು "ಹುಯ್ಯೋ... ಬಾ ಬಾ ಬಾ" ಎಂದನೆಂದರೆ, ಎಲ್ಲೆಲ್ಲೋ ಬೀಳುಹೊಲಗಳಲ್ಲಿ ಚದುರಿದ್ದ ಕಪ್ಪು, ಕಂದು ಬೆನ್ನುಗಳೆಲ್ಲ ಒಂದೇ ಸಲ ತಿರುಗುತ್ತಿದ್ದವು. ಆಮೇಲೆ ದೂಳು. ಆಮೇಲೆ ಅವನ ಸುತ್ತ ಕುರಿಗಳು. ಆ ಹೊತ್ತಿನಲ್ಲಿ ಅವನ ಮುಖ ನೋಡಬೇಕಿತ್ತು. ಇಡೀ ಜೀವಮಾನದಲ್ಲಿ ಅವನು ಗಳಿಸಿದ್ದು ಅದೇ. ಆ ಹಿಂಡು, ಮತ್ತು ಅದು ತನ್ನ ಕೂಗಿಗೆ ಬರುತ್ತದೆ ಅನ್ನುವುದು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅವನ ಸ್ವರ ಒಡೆಯಿತು. ಮೊದಲು ಕರಕರ, ಆಮೇಲೆ ಬರೀ ಗಾಳಿ. ಹಿಪ್ಪಲಿ ತಿಂದ, ಶುಂಠಿ ಅಗಿದ, ಆಸ್ಪರಿಯಿಂದ ಯಾರೋ ತಂದುಕೊಟ್ಟ ಬೇರು ಅರೆದು ಕುಡಿದ. ಕಡೆಗೆ ಹಾರಿಕಾ ಎಳೆದುಕೊಂಡು ಬಂದು ಆದವಾನಿಯ ಕಿವಿ ಮೂಗು ಗಂಟಲಿನ ಡಾಕ್ಟರಮ್ಮನ ಮುಂದೆ ಕೂರಿಸಿದಳು. ನಾನೂ ಹೋಗಿದ್ದೆ. ಡಾಕ್ಟರಮ್ಮ ಸಣ್ಣ ನಳಿಕೆಯ ಕ್ಯಾಮರಾ ಒಳಗೆ ಬಿಟ್ಟು ಟಿ.ವಿ.ಯಲ್ಲಿ ಅವನ ಗಂಟಲನ್ನು ತೋರಿಸಿದರು. ಸ್ವರ ಹೊರಡಿಸುವ ಎರಡು ಮಡಿಕೆಗಳು. ನಾವು ಮಾತಾಡುವಾಗ ಅವು ಸೆಕೆಂಡಿಗೆ ನೂರಕ್ಕಿಂತ ಹೆಚ್ಚು ಸಲ ಒಂದಕ್ಕೊಂದು ತಟ್ಟುತ್ತವಂತೆ. ಕೂಗಿದರೆ ತಟ್ಟುವುದಲ್ಲ, ಗುದ್ದಾಡುತ್ತವೆ. ಇವನ ಎರಡೂ ಮಡಿಕೆಗಳ ಮೇಲೆ ಜೋಳದ ಕಾಳಿನಂಥ ಗಂಟು.

"ಪೆದ್ದಾಯನಾ, ಇನ್ನು ಕೂಗೋದು ಬಂದ್" ಅಂದರು ಡಾಕ್ಟರಮ್ಮ, ತೆಲುಗಿನಲ್ಲಿ ಹಿರಿಯರನ್ನು ಕರೆಯುವ ಹಾಗೆ. "ಪಿಸುಪಿಸು ಮಾತಾಡೋದೂ ಬೇಡ, ಅದೂ ಗಂಟಲಿಗೆ ಕಷ್ಟಾನೇ. ಮೆಲ್ಲಗೆ, ಸ್ವಲ್ಪ ಮಾತಾಡಿ. ಗಂಟು ತಾನಾಗೇ ಇಳಿಯೋ ಚಾನ್ಸ್ ಐತಿ. ಕೂಗಿ ಹರಕೊಂಡ್ರಿ ಅಂದ್ರ ಸ್ವರ ಪೂರ್ತಿ ಹೋಗಬಹುದು. ಆಮ್ಯಾಲೆ ನನ್ನ ಕೈಯಾಗ ಏನೂ ಇರಲ್ಲ."

ಉಚ್ಚೀರಪ್ಪ ನನ್ನ ಕಡೆ ನೋಡಿದ. ಕುರಿ ಅಂತ ಬಾಯಿ ಆಡಿಸಿದ, ಸ್ವರ ಬರಲಿಲ್ಲ.

ಊರಿಗೆ ಹೋದ ಮೇಲೆ ನನ್ನ ತಂಗಿ ತೀರ್ಪು ಕೊಟ್ಟಳು. ಅವಳದು ಕಡಿಮೆ ಮಾತು, ಮನೆಯಲ್ಲಿ ಒಬ್ಬರಾದರೂ ಹಾಗಿರಬೇಕಲ್ಲ.

"ಕುರಿ ಮಾರಿಬಿಡೋಣ" ಅಂದಳು.

ಅವನು ತಲೆ ಅಲ್ಲಾಡಿಸಿದ.

"ಕೂಗದೇ ಹೆಂಗ ಕಾಯ್ತೀ?"

ಅವನು ಕೋಲು ತೋರಿಸಿದ, ಕಾಲು ತೋರಿಸಿದ. ನಡೆದು ಕಾಯುತ್ತೇನೆ ಎಂದು.

"ಸರೆ, ಹಂಗಾದ್ರ ಕೇಳು. ನಿನಗೆ ಕುರಿ ಬೇಕು, ನನಗೆ ನಿನ್ನ ಬಾಯಿ ಬೇಕು. ಮುದುಕಿ ಆದಮ್ಯಾಲೆ ಮೂಕನ ಜೊತಿ ಕುಂತು ಏನ್ ಮಾಡ್ಲಿ? ನೀ ಒಂದ್ಸಲ ಕೂಗಿದಿ ಅಂದ್ರ ಕುರಿ ಮಾರ್ತೀನಿ. ಕೂಗದೇ ಹಿಂಡು ತಪ್ಪಿಸಿಕೊಂಡು ಬಂದಿ ಅಂದ್ರೂ ಮಾರ್ತೀನಿ. ನಮ್ಮಣ್ಣ ಸಾಕ್ಷಿ."

ನಾನು ಸಾಕ್ಷಿಯಾದೆ. ಲಾರಿಯ ಹಾರ್ನ್ ಕೇಳಿ ಕೇಳಿ ಅರ್ಧ ಕಿವುಡಾದವನನ್ನು ಈ ವ್ಯವಹಾರಕ್ಕೆ ಸಾಕ್ಷಿ ಮಾಡಿದಳು ನೋಡಿ.

ಆಗ ಹಾರಿಕಾ ಒಂದು ಉಪಾಯ ತೆಗೆದಳು. ಅವಳ ಫೋನಿನಲ್ಲಿ ತಾತ ಕುರಿ ಕರೆಯುವ ಒಂದು ಹಳೆಯ ವಿಡಿಯೋ ಇತ್ತು. ಅದನ್ನೇ ಹಾಕಿದರಾಯಿತಲ್ಲ ಅಂದಳು. ಫೋನಿನ ಸದ್ದು ಹತ್ತು ಮಾರು ದಾಟಲಿಲ್ಲ. ನಾನು ಜಾಣ, ಮದುವೆ ಮೆರವಣಿಗೆಗೆ ಸ್ಪೀಕರ್ ಬಾಡಿಗೆ ಕೊಡುವ ಗೋವರ್ಧನನಿಂದ ಎರಡು ದೊಡ್ಡ ಪೆಟ್ಟಿಗೆ ತರಿಸಿದೆ. ಕೆರೆ ಏರಿಯ ಒಂದು ಕೊನೆಗೆ ಆಟೋದಲ್ಲಿ ಪೆಟ್ಟಿಗೆ, ಇನ್ನೊಂದು ಕೊನೆಗೆ ಬಾಯಿ ಮುಚ್ಚಿಕೊಂಡು ಉಚ್ಚೀರಪ್ಪ.

"ಸೌಂಡ್ ಎಷ್ಟು ಇಡ್ಲಿ?" ಅಂದ ಗೋವರ್ಧನ.

"ಆತನ ಕೂಗು ನಿನಗೆ ಗೊತ್ತಿಲ್ಲೇನು? ಫುಲ್ ಇಡು" ಅಂದೆ ನಾನು.

ಇಟ್ಟ. "ಹುಯ್ಯೋ" ಅನ್ನುವುದರೊಳಗೆ ನನ್ನ ಎದೆಯೊಳಗೆ ಯಾರೋ ಡೊಳ್ಳು ಬಾರಿಸಿದಂತಾಯಿತು. ಕುರಿಗಳು ಒಂದು ಕ್ಷಣ ಕಲ್ಲಾದವು. ಎದುರಿಗೆ ಒಡೆಯ ಸುಮ್ಮನೆ ನಿಂತಿದ್ದಾನೆ, ಅವನ ಕೂಗು ಬೆನ್ನ ಹಿಂದಿನ ಆಟೋದಿಂದ ಬರುತ್ತಿದೆ. ಯಾವ ಪ್ರಾಣಿ ತಾನೇ ಸಹಿಸೀತು? ದಿಕ್ಕಾಪಾಲಾಗಿ ಓಡಿದವು. ಬಂದವರು ಊರ ಹೆಂಗಸರು, ಉಚ್ಚೀರಪ್ಪ ಬಾವಿಗೆ ಬಿದ್ದಿದ್ದಾನೆ ಎಂದು ಹಗ್ಗ ಹಿಡಿದುಕೊಂಡು. ಹುಲುಗಮ್ಮ ಆಟೋ ಹತ್ತಿರ ಬಂದು ಪೆಟ್ಟಿಗೆಯ ವೈರನ್ನು ಕಿತ್ತು ಗೋವರ್ಧನನ ಕೈಗೆ ಕೊಟ್ಟಳು. "ಮದುವಿ ಇದ್ರ ಹೇಳ್ತೀವಿ" ಅಂದಳು.

ಆ ಸಂಜೆ ಹಾರಿಕಾ ನನಗೆ ಡೆಸಿಬೆಲ್ಲಿನ ಪಾಠ ಹೇಳಿದಳು.

"ಜಂಬಯ್ಯ ತಾತ, ಹತ್ತು ಮಂದಿ ಕುರಿಗಾರರು ಕೂಡಿ ಕೂಗಿದ್ರ ಒಬ್ಬನ ಕೂಗಿಗಿಂತ ಎಷ್ಟು ಜೋರು ಅನ್ನಿಸ್ತೈತಿ ಹೇಳು."

"ಹತ್ತು ಪಟ್ಟು. ಎಣಿಕಿ ಬರಲ್ಲೇನು ನನಗೆ?"

"ಇಲ್ಲ, ಎರಡೇ ಪಟ್ಟು. ಶಕ್ತಿ ಹತ್ತು ಪಟ್ಟು ಆದ್ರ ಡೆಸಿಬೆಲ್ ಬರೀ ಹತ್ತು ಏರ್ತೈತಿ. ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಅನ್ನಿಸ್ತೈತಿ, ಅಷ್ಟೇ. ನೂರು ಮಂದಿ ಕೂಗಿದ್ರ ನಾಕು ಪಟ್ಟು."

"ಮತ್ತ ಉಳಿದ ಮಂದಿ ಕೂಗಿದ್ದು ದಂಡೇನು?"

"ದಂಡ ಅಲ್ಲ. ಕಿವಿ ಬುದ್ಧಿವಂತ ಐತಿ. ಎಲಿ ಉದುರೋದನ್ನೂ ಕೇಳಬೇಕು, ಗುಡುಗನ್ನೂ ತಡಕೋಬೇಕು. ಎಲ್ಲಾ ಇದ್ದಂಗೇ ಒಳಗ ಬಿಟ್ಕೊಂಡ್ರ ಉಳಿಯಂಗಿಲ್ಲ."

ಆಮೇಲೆ ಅವಳು ಏನೇನೋ ತೋರಿಸಿದಳು. ಸಮುದ್ರದಲ್ಲಿ ಬೆರಳುದ್ದದ ಒಂದು ಸಿಗಡಿ ಇದೆಯಂತೆ. ಒಂದು ಕೊಂಡಿಯನ್ನು ಚಟ್ ಎಂದು ಮುಚ್ಚಿದರೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಆ ಸಿಡಿತಕ್ಕೇ ಬೇಟೆ ತಲೆ ತಿರುಗಿ ಬೀಳುತ್ತದೆ. ಅಮೆಜಾನ್ ಕಾಡಿನಲ್ಲಿ ಪಾರಿವಾಳದಷ್ಟು ಒಂದು ಬಿಳಿ ಹಕ್ಕಿ. ಹೆಣ್ಣು ಹಕ್ಕಿ ಪಕ್ಕದಲ್ಲೇ ಬಂದು ಕೂತಾಗ ಗಂಡು ಅದರ ಮುಖಕ್ಕೇ ಎಲ್ಲಕ್ಕಿಂತ ಜೋರಾಗಿ ಕೂಗುತ್ತದೆ. ಅದನ್ನು ಕೇಳಿ ಹುಲುಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಆ ಹಕ್ಕಿ ಹೊಳಗುಂದದ ಕಡೀದೇ ಇರಬೇಕು" ಅಂದಳು. ಉಚ್ಚೀರಪ್ಪ ಭುಜ ಕುಣಿಸಿ ನಕ್ಕ. ನಗುವಿಗೂ ಸದ್ದಿರಲಿಲ್ಲ.

ನನಗೆ ಹಿಡಿಸಿದ್ದು ಬೇರೆಯೇ ಮಾತು. ಗಾಳಿಯಲ್ಲಿ ಸದ್ದು ಎಷ್ಟು ಜೋರಾದರೂ ಅದಕ್ಕೊಂದು ಮಿತಿ ಇದೆಯಂತೆ, ನೂರಾ ತೊಂಬತ್ತನಾಲ್ಕು ಡೆಸಿಬೆಲ್ಲಿನ ಆಸುಪಾಸು. ಸದ್ದೆಂದರೆ ಗಾಳಿ ಒತ್ತುವುದು, ಹಿಗ್ಗುವುದು, ಮತ್ತೆ ಒತ್ತುವುದು. ಹಿಗ್ಗಿ ಹಿಗ್ಗಿ ನಡುವೆ ಗಾಳಿಯೇ ಇಲ್ಲದಂತಾದ ಮೇಲೆ ಇನ್ನೆಷ್ಟು ಹಿಗ್ಗೀತು? ಅದನ್ನೂ ದಾಟಿದರೆ ಅದು ಸದ್ದಲ್ಲ, ಗಾಳಿಯ ಒದೆತ. ಸಿಡಿದ ಬೆಟ್ಟದ ಹತ್ತಿರ ಇದ್ದವರಿಗೆ ಬಿದ್ದದ್ದು ಆ ಒದೆತವೇ. ನಾನು ಉಚ್ಚೀರಪ್ಪನ ಕೂಗು ಇನ್ನೂರಿತ್ತು ಅಂತ ಊರಿಗೆಲ್ಲ ಹೇಳಿದ್ದೆ. ಹಾರಿಕಾ ಹೇಳಿದ ಮೇಲೆ ನೂರಾ ತೊಂಬತ್ತಮೂರಕ್ಕೆ ಇಳಿಸಿದ್ದೇನೆ.

ಪೆಟ್ಟಿಗೆ ಹೋದ ಮೇಲೆ ಉಚ್ಚೀರಪ್ಪ ಹೇಳಿದಂತೆಯೇ ಕಾಲಿನಿಂದ ಕಾಯತೊಡಗಿದ. ಮೊದಲು ಏರಿಯ ಮೇಲೆ ಕಂಬಳಿ ಹಾಸಿಕೊಂಡು ಕೂತು, ಬೇಕಾದಾಗ ಒಂದು ಕೂಗು ಹಾಕುತ್ತಿದ್ದವನು. ಈಗ ದಿನವಿಡೀ ಕುರಿಗಳ ನಡುವೆಯೇ. ಅವು ತಲೆ ತಗ್ಗಿಸಿ ಮೇಯುತ್ತಾ ಸರಿದರೆ ಇವನೂ ಸರಿಯುವುದು, ನಿಂತರೆ ನಿಲ್ಲುವುದು. ಮುಂದಾಳು ಕುರಿಯ ಕುತ್ತಿಗೆ ತುರಿಸುವುದು, ಜಾಲಿಯ ಕಾಯಿ ಉದುರಿಸಿ ಮರಿಗಳ ಬಾಯಿಗೆ ಕೊಡುವುದು. ಸಂಜೆ ಮನೆಗೆ ಬಂದಾಗ ಮುಖ ಬತ್ತಿರುತ್ತಿತ್ತು. ಆದರೆ ಹಿಂಡು ಪೂರ್ತಿ ಇರುತ್ತಿತ್ತು. ಹುಲುಗಮ್ಮ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದನ್ನೇ ಎಣಿಸಿ ಒಳಗೆ ಬಿಡುತ್ತಿದ್ದಳು.

ಬೇಸಿಗೆಯ ಕೊನೆಯಲ್ಲಿ, ರೋಹಿಣಿ ಮಳೆಯ ಹೊತ್ತಿನಲ್ಲಿ, ನಾನು ಮತ್ತೆ ಊರಿಗೆ ಹೋಗಿದ್ದೆ. ಆ ಮಧ್ಯಾಹ್ನ ಹುಲುಗಮ್ಮ ಬುತ್ತಿ ಕಟ್ಟಿಕೊಂಡು ಹೊರಟಳು, ನಾನೂ ಹಾರಿಕಾಳೂ ಜೊತೆಗೆ. ಉಚ್ಚೀರಪ್ಪ ಹಳ್ಳದ ಮೇಲಿನ ಬೀಳಿನಲ್ಲಿದ್ದ. ಸ್ವಲ್ಪ ದೂರದಲ್ಲಿ ರುದ್ರೇಶನ ಹಿಂಡು. ರುದ್ರೇಶ ಅದೇ ಊರಿನ ಇನ್ನೊಬ್ಬ ಕುರಿಗಾರ, ಉಚ್ಚೀರಪ್ಪನಿಗಿಂತ ಚಿಕ್ಕವನು. ಉಚ್ಚೀರಪ್ಪ ಸುಮ್ಮನಾದ ಮೇಲೆ ಆ ಬಯಲಿಗೆಲ್ಲ ಅವನದೇ ಗಂಟಲು.

ಪಡುವಣದಲ್ಲಿ ಮೋಡ ಕಪ್ಪಗೆ ಏಳುತ್ತಿತ್ತು. ಮಿಂಚು ಹೊಳೆದಾಗಲೆಲ್ಲ ಹಾರಿಕಾ ಬೆರಳು ಮಡಿಚುತ್ತಿದ್ದಳು. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂರು ಸೆಕೆಂಡು ಕಳೆದರೆ ಒಂದು ಕಿಲೋಮೀಟರ್ ದೂರ ಅಂತ ಲೆಕ್ಕ. ಬೆಳಕು ಆಗಲೇ ಬಂದುಬಿಡುತ್ತದೆ, ಸದ್ದು ನಡೆದು ಬರಬೇಕು. ಅವಳು ಮಡಿಚುವ ಬೆರಳುಗಳು ಕಡಿಮೆಯಾಗುತ್ತಾ ಬಂದವು.

"ಜೇಜೀ, ಗಿಡದ ಕೆಳಗ ಬ್ಯಾಡ, ತಗ್ಗಿಗೆ ಬಾ" ಎಂದು ಅಜ್ಜಿಯ ಕೈ ಎಳೆದಳು. ನಾವು ನಾಲ್ವರೂ ಒಂದು ತಗ್ಗಿನಲ್ಲಿ ಕುಕ್ಕರುಗಾಲಲ್ಲಿ ಕೂತೆವು.

ಮುಂದಿನದಕ್ಕೆ ಬೆರಳು ಮಡಿಚಲು ಆಗಲೇ ಇಲ್ಲ. ಬೆಳಕೂ ಸದ್ದೂ ಒಟ್ಟಿಗೇ ಬಿದ್ದವು. ಗುಡುಗು ಗುಡುಗುಡು ಅನ್ನುತ್ತದೆ ಅಂತ ಯಾರು ಹೇಳಿದರೋ, ಅವರು ದೂರದಲ್ಲಿದ್ದವರು. ಹತ್ತಿರದ್ದು ಚಟ್ ಅನ್ನುತ್ತದೆ, ಬಂಡೆ ಸೀಳಿದ ಹಾಗೆ. ಮಿಂಚು ಹಾದ ದಾರಿಯ ಗಾಳಿ ಒಂದು ಚಣದಲ್ಲಿ ಸೂರ್ಯನ ಮೈಗಿಂತ ಹೆಚ್ಚು ಕಾದು ಸಿಡಿಯುತ್ತದಂತೆ, ಅದೇ ಗುಡುಗು. ಆ ಬೀಳಿನ ನಡುವಿನ ಒಂಟಿ ಈಚಲ ಮರ ತಲೆಯಿಂದ ಬುಡದವರೆಗೆ ಎರಡಾಗಿತ್ತು. ನನ್ನ ಒಳ್ಳೆಯ ಕಿವಿಯೂ ಗುಂಯ್ ಅನ್ನುತ್ತಿತ್ತು. ಇಲ್ಲಿ ನಾನು ಒಂದು ಸುಳ್ಳೂ ಸೇರಿಸಿಲ್ಲ, ಗಮನಿಸಿ.

ಮಳೆ ನಾಲ್ಕು ಹನಿ ಬಿದ್ದು ನಿಂತಿತು. ಎದ್ದು ನೋಡಿದರೆ ಬೀಳು ಖಾಲಿ. ಎರಡೂ ಹಿಂಡುಗಳು ಹೆದರಿ ಓಡಿ ಹಳ್ಳಕ್ಕೆ ಇಳಿದು, ಮರಳಿನ ಮೇಲೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಯಾವುದು ಯಾರದು ಹೇಳುವ ಹಾಗಿಲ್ಲ. ಇಬ್ಬರೂ ಗುರುತಿಗೆಂದು ಕುರಿಗಳ ಬೆನ್ನಿಗೆ ಕೆಂಪು ಬಣ್ಣವನ್ನೇ ಬಳಿಯುತ್ತಿದ್ದರು.

ಇಂಥ ಹೊತ್ತಿಗೆ ಇಲ್ಲಿ ಒಂದು ಪದ್ಧತಿ ಇದೆ. ಹಿಂಡು ಕಲೆತರೆ ಕುರಿಗಾರರು ಕೈ ಹಾಕಿ ಎಳೆದಾಡುವುದಿಲ್ಲ, ಎಳೆದಾಡಿದರೆ ಮತ್ತೆ ಬೆದರಿ ಓಡುತ್ತವೆ. ಇಬ್ಬರೂ ಎದುರುಬದುರು ದಡದಲ್ಲಿ, ಸಮ ದೂರದಲ್ಲಿ ನಿಲ್ಲುತ್ತಾರೆ. ಇಬ್ಬರೂ ಒಟ್ಟಿಗೆ ಕೂಗು ಹಾಕುತ್ತಾರೆ. ಯಾರ ಕಡೆ ಹೋಯಿತೋ ಅವರ ಕುರಿ. ಒಬ್ಬನೇ ಮೊದಲು ಕೂಗಿದರೆ ಅವನವು ಹೊರಟಾಗ ಉಳಿದವೂ ಹಿಂದೆ ಬಿದ್ದು ಹೋಗಿಬಿಡುತ್ತವೆ. ಅದಕ್ಕೇ ಒಟ್ಟಿಗೆ.

ರುದ್ರೇಶ ಆ ದಡದಲ್ಲಿ ನಿಂತ. ಈ ದಡದಲ್ಲಿ ಉಚ್ಚೀರಪ್ಪ. ಹುಲುಗಮ್ಮ ಅವನಿಂದ ಐದಾರು ಹೆಜ್ಜೆ ಹಿಂದೆ, ಬುತ್ತಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಮಾವಾ" ಎಂದು ರುದ್ರೇಶ ಕರೆದ. "ನೀ ಕೂಗಂಗಿಲ್ಲ, ನನಗೆ ಗೊತ್ತೈತಿ. ನಾ ಕೂಗಿದ್ರ ಎಲ್ಲಾ ಈ ಕಡೇನೇ ಬರ್ತಾವ. ಏನ್ ಮಾಡಾಣ?"

ಉಚ್ಚೀರಪ್ಪ ಕೋಲಿನ ಮೇಲೆ ಒರಗಿ ಹಿಂಡನ್ನೇ ನೋಡಿದ.

"ಎಲ್ಲಾ ನನ್ನ ದೊಡ್ಡಿಗೆ ಹೊಡಕೊಂಡು ಹೋಗಿ, ನಾಳೆ ಬೆಳಿಗ್ಗೆ ಕಿವಿ ಗುರುತು ನೋಡಿ ಬಿಡ್ಲೇನು?"

ಒಳ್ಳೆಯ ಮಾತೇ. ಆದರೆ ಹಿಂಡು ಇನ್ನೊಬ್ಬನ ದೊಡ್ಡಿಯಲ್ಲಿ ಮಲಗಿದರೆ ಹುಲುಗಮ್ಮನ ಲೆಕ್ಕದಲ್ಲಿ ಅದು ತಪ್ಪಿಸಿಕೊಂಡಂತೆಯೇ. ಉಚ್ಚೀರಪ್ಪ ತಿರುಗಿ ಹೆಂಡತಿಯ ಮುಖ ನೋಡಿದ. ಆಕೆ ಬೇಡವೆನ್ನಲಿಲ್ಲ, ಆಗಲಿ ಎನ್ನಲಿಲ್ಲ.

ಅವನು ಮತ್ತೆ ಹಳ್ಳದ ಕಡೆ ತಿರುಗಿದ. ಎದೆ ಉಬ್ಬಿತು. ಬಾಯಿ ತೆರೆಯಿತು. ನನಗೆ ಆ ಭಂಗಿ ಗೊತ್ತು, ಮದುವೆಯ ದಿನದಿಂದ ಗೊತ್ತು. ಕೂಗೇಬಿಡುತ್ತಾನೆ ಎಂದುಕೊಂಡು ಹುಲುಗಮ್ಮನ ಕೈ ಹಿಡಿದೆ.

ಉಸಿರು ಹಾಗೇ ಹೊರಗೆ ಬಂತು, ಬರೀ ಉಸಿರು. ಬಾಯಿ ಮುಚ್ಚಿದ. ಆಮೇಲೆ ಅವನ ಗದ್ದ ಸ್ವಲ್ಪ ಆಡಿತು. ನಾಲಿಗೆಯಲ್ಲಿ ಲೊಚ್, ಲೊಚ್ ಎಂದ. ನನಗೆ ಕೇಳಿಸಲಿಲ್ಲ, ಹಾರಿಕಾ ಆಮೇಲೆ ಹೇಳಿದ್ದು. ನಾನು ಬಾಯಿ ಆಡಿದ್ದನ್ನು ಮಾತ್ರ ಕಂಡೆ. ಅಯ್ಯೋ, ಹೋಯಿತಲ್ಲ ಎಂದು ಲೊಚಗುಟ್ಟುತ್ತಿದ್ದಾನೆ ಅಂದುಕೊಂಡೆ. ಕೈ ತಪ್ಪಿದ್ದಕ್ಕೆ ನಾವೆಲ್ಲ ಲೊಚಗುಟ್ಟುವುದಿಲ್ಲವೇ, ಹಾಗೆ.

ಹಳ್ಳದಲ್ಲಿ ಮುಂದಾಳು ಕುರಿಯ ಕಿವಿ ತಿರುಗಿತು.

ರುದ್ರೇಶ ಅದನ್ನು ಕಂಡ. ಪಕ್ಕದಲ್ಲಿ, ಆಗ ತಾನೇ ಬಂದಿದ್ದ ಅವನ ತಮ್ಮನ ಬೈಕು ಡುರ್ ಎನ್ನುತ್ತಿತ್ತು. "ಏ, ಬಂದ್ ಮಾಡೋ ಅದನ್ನ" ಎಂದ. ಬೈಕು ನಿಂತಿತು. ಆ ಬಯಲಿನಲ್ಲಿ ಆಗ ಹುಟ್ಟಿದ ಮೌನವನ್ನು ಹೇಗೆ ಹೇಳಲಿ. ಗಾಳಿ ಬಿದ್ದಿತ್ತು, ಹಕ್ಕಿಗಳು ಇನ್ನೂ ಬಾಯಿ ಬಿಟ್ಟಿರಲಿಲ್ಲ, ಒದ್ದೆ ಮಣ್ಣು ತಂಪಾಗಿತ್ತು. ನೆಲದ ಹತ್ತಿರ ತಂಪು, ಮೇಲೆ ಬಿಸಿ ಇದ್ದಾಗ ಸದ್ದು ಮೇಲೆ ಹಾರಿಹೋಗದೆ ನೆಲಕ್ಕೇ ಬಾಗಿ ದೂರ ಹೋಗುತ್ತದಂತೆ. ಸದ್ದು ಜೋರೋ ಸಣ್ಣದೋ ಅನ್ನುವುದು ಸುತ್ತ ಇನ್ನೇನು ಗದ್ದಲವಿದೆ ಅನ್ನುವುದರ ಮೇಲೆಯೂ ನಿಂತಿದೆ ಅಂತ ಹಾರಿಕಾ ಹೇಳುತ್ತಾಳೆ.

ಲೊಚ್. ಲೊಚ್.

ಮುಂದಾಳು ಕುರಿ ಗುಂಪಿನಿಂದ ಮೈ ಬಿಡಿಸಿಕೊಂಡು ಈ ದಡಕ್ಕೆ ಕಾಲಿಟ್ಟಿತು. ಹಿಂದೆ ಇನ್ನೊಂದು. ನಡುವಿನಿಂದ ಮೂರು ಮರಿಗಳು ಒದರುತ್ತಾ ನುಗ್ಗಿ ಬಂದವು. ಆ ಬೇಸಿಗೆಯಲ್ಲಿ ಕಾಯಿ ಕೊಡುವಾಗ, ದೊಡ್ಡಿಗೆ ಬಿಡುವಾಗ, ಬೆನ್ನು ಸವರುವಾಗ, ಅವನಿಗೇ ತಿಳಿಯದಂತೆ ಅವನು ಹಾಗೆ ನಾಲಿಗೆ ಆಡಿಸುತ್ತಿದ್ದನಂತೆ. ತಾನು ಕೂಗು ಬಿಟ್ಟೆ ಎಂದು ಅವನು ಅಂದುಕೊಂಡಿದ್ದ. ಕುರಿಗಳು ಹೊಸ ಕೂಗು ಕಲಿತುಬಿಟ್ಟಿದ್ದವು. ನಮಗಿಂತ ಅವುಗಳ ಕಿವಿಗೆ ಇಂಥ ಸಣ್ಣ, ಚೂಪಾದ ಸದ್ದು ಚೆನ್ನಾಗಿ ನಾಟುತ್ತದೆಂದು ಹಾರಿಕಾ ಆಮೇಲೆ ಓದಿ ಹೇಳಿದಳು.

ಈಗ ಆ ದಡದ ಕಥೆ ಕೇಳಿ. ಪದ್ಧತಿ ಪ್ರಕಾರ ರುದ್ರೇಶನೂ ಕರೆಯಬೇಕು. ಜೋರಾಗಿ ಕೂಗಿದರೆ ಉಚ್ಚೀರಪ್ಪನ ಸದ್ದು ಮುಚ್ಚಿಹೋಗುತ್ತದೆ. ಅದಕ್ಕೆ ಅವನೂ ಮೆಲ್ಲಗೆ, ಮಗು ಮಲಗಿಸುವಂತೆ "ಬಾ... ಬಾ..." ಎಂದ. ಒಂದು ಕುರಿಯೂ ಅಲುಗಲಿಲ್ಲ. ಅವನ ಕುರಿಗಳು ಹುಟ್ಟಿದಾಗಿನಿಂದ ಬೈಗುಳ ಕೇಳಿ ಬೆಳೆದವು. ಈ ಮೃದುವಾದ ಮನುಷ್ಯ ಯಾರೆಂದು ಅವಕ್ಕೆ ತಿಳಿಯಲೇ ಇಲ್ಲ.

"ನೋಡು ಮಾವ" ಅಂದ ರುದ್ರೇಶ, "ನಾ ಒಳ್ಳೇವನಾಗಾಕ ಹೋದ್ರ ಈ ಮಕ್ಕಳು ನನ್ನ ಗುರುತಾ ಹಿಡಿಯಲ್ಲ. ನಿನ್ನವು ಮುಗೀಲಿ, ಆಮ್ಯಾಲೆ ನಾ ಮಾತಾಡ್ತೀನಿ."

ಕಪ್ಪು, ಕಂದು ಬೆನ್ನುಗಳು ಒಂದೊಂದಾಗಿ ದಡ ಹತ್ತಿದವು. ರುದ್ರೇಶನವೂ ಕೆಲವು ದಾರಿ ತಪ್ಪಿ ಹಿಂದೆ ಬಂದವು. ಇವನವು ಮುಗಿದ ಮೇಲೆ ಅವನು ತನ್ನ ಗಂಟಲು ತೆರೆದು ಒಂದು ಕೊಟ್ಟ ನೋಡಿ, ಅವು ಕಿವಿ ಮುಚ್ಚಿಕೊಂಡಂತೆ ವಾಪಸ್ಸು ಓಡಿದವು. ನಮ್ಮದೊಂದು ಮರಿ ಮಾತ್ರ ಗಾಬರಿಯಲ್ಲಿ ಅವುಗಳ ಜೊತೆ ಹೋಗಿಬಿಟ್ಟಿತ್ತು. ಮರುದಿನ ರುದ್ರೇಶನೇ ಹೆಗಲ ಮೇಲೆ ಹಾಕಿಕೊಂಡು ಬಂದು ಬಿಟ್ಟ.

ಆ ಸಂಜೆ ಹುಲುಗಮ್ಮ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದನ್ನೇ ಒಳಗೆ ಬಿಟ್ಟಳು. ಕೊನೆಯಲ್ಲಿ ಬಾಗಿಲು ಹಾಕಿದಳು.

"ಒಂದು ಮರಿ ಕಮ್ಮಿ ಐತಿ" ಅಂದಳು.

ನಾನು ಸಾಕ್ಷಿಯಲ್ಲವೇ, ಬಾಯಿ ಹಾಕಿದೆ. "ತಪ್ಪಿಸಿದ್ದು ಗುಡುಗು, ಹುಲುಗಿ. ಮಾರೋದಿದ್ರ ಗುಡುಗನ್ನ ಮಾರು."

ಅವಳು ನನ್ನ ಮಾತಿಗೆ ಬೆಲೆ ಕೊಡಲಿಲ್ಲ. ಗಂಡನ ಕೈಗೆ ಮಜ್ಜಿಗೆಯ ಚಂಬು ಕೊಟ್ಟು, "ಕುಡಿ. ನಾಲಿಗಿ ಒಣಗಿರಬೇಕು" ಅಂದಳು. ಅವನು ಕುಡಿಯುವವರೆಗೆ ನಿಂತು ನೋಡಿದಳು. ಮಾರುವ ಮಾತನ್ನು ಅವಳು ಅಲ್ಲಿಂದೀಚೆಗೆ ಎತ್ತಿಲ್ಲ.

ಮಳೆಗಾಲದಲ್ಲಿ ಡಾಕ್ಟರಮ್ಮ ಮತ್ತೆ ಗಂಟಲು ನೋಡಿದರು. ಕಾಳು ಕರಗಿ ಸಾಸಿವೆಯಷ್ಟಾಗಿತ್ತು. ಇನ್ನು ಮಾತಾಡಬಹುದು, ಅಡ್ಡಿಯಿಲ್ಲ ಅಂದರು. ಸ್ವರ ಬಂದಿದೆ, ಸ್ವಲ್ಪ ತೆಳ್ಳಗೆ. ಕೂಗಿ ನೋಡು ಅಂತ ನಾನೇ ಒಂದೆರಡು ಸಲ ಚುಚ್ಚಿದೆ. "ಯಾಕ ಬಾವಾ, ಯಾರು ದೂರ ಅದಾರ?" ಅನ್ನುತ್ತಾನೆ. ಕುರಿಗಳ ಹತ್ತಿರವೇ ನಡೆಯುವುದು ಅವನಿಗೀಗ ಅಭ್ಯಾಸವಾಗಿದೆ. ಯಾವ ಮರಿ ಕುಂಟುತ್ತದೆ, ಯಾವುದಕ್ಕೆ ಕೆಮ್ಮು ಅಂತೆಲ್ಲ ಹೇಳುತ್ತಾನೆ. ಏರಿಯ ಮೇಲಿಂದ ಅದೆಲ್ಲ ಕಾಣಿಸುತ್ತಿರಲಿಲ್ಲವಂತೆ.

ಇವತ್ತು ಅವನ ಹಿಂಡಿಗೆ ಉಣ್ಣೆ ಕತ್ತರಿಸುವ ದಿನ. ಅದಕ್ಕೇ ನಾನು ಆದವಾನಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದೇನೆ. ಅಂಗಳದಲ್ಲಿ ನಾಲ್ಕೈದು ಜನ ಕತ್ತರಿ ಆಡಿಸುತ್ತಿದ್ದಾರೆ, ರುದ್ರೇಶನೂ ಇದ್ದಾನೆ, ಬಾಯಿ ಒಂದು ನಿಮಿಷ ಸುಮ್ಮನಿಲ್ಲ. ಕಟ್ಟೆಯ ಮೇಲ್ಗಡೆ ಕಪ್ಪು ಉಣ್ಣೆ ರಾಶಿ ಬಿದ್ದಿದೆ. ನಾನು ಕತ್ತರಿ ಹಿಡಿದರೆ ಕುರಿಗೆ ಒಂದು ಕಿವಿ ಕಡಿಮೆಯಾಗುತ್ತದೆ ಎಂದು ನನ್ನನ್ನು ಈ ಬೇವಿನ ನೆರಳಿಗೆ ಅಟ್ಟಿದ್ದಾರೆ. ಇನ್ನು ಆ ಬೆಂಕಿಬೆಟ್ಟದ ವಿಷಯ. ಅದರ ಒತ್ತಡದ ಅಲೆ ಭೂಮಿಯನ್ನು ಹಲವು ಸುತ್ತು ಹಾಕಿ, ಊರೂರಿನ ಗಾಳಿಯ ಭಾರ ಅಳೆಯುವ ಯಂತ್ರಗಳ ಮುಳ್ಳು ಅಲ್ಲಾಡಿಸಿತ್ತಂತೆ. ನೀವು ಇದನ್ನೂ ನಂಬುವುದಿಲ್ಲ, ಇರಲಿ, ನಾನು ನಿಮಗೆ ವಿವರವಾಗಿ...

ಹೆಗಲ ಮೇಲೆ ಯಾರದೋ ಕೈ ಬಿತ್ತು. ತಿರುಗಿದರೆ ಉಚ್ಚೀರಪ್ಪ, ಮೈಯೆಲ್ಲ ಉಣ್ಣೆಯ ಎಳೆ. ಅಂಗಳದ ಆ ತುದಿಯಿಂದ ಇಲ್ಲಿಯವರೆಗೆ ನಡೆದು ಬಂದಿದ್ದಾನೆ.

"ಬಾವಾ, ಮುದ್ದಿ ಆರ್ತೈತಿ. ಆಕಿ ಎಲ್ಲಾರಿಗೂ ಬಡಿಸ್ಯಾಳ, ನೀ ಒಬ್ಬನಾ ಬಾಕಿ. ಬಾ."